ಬಸ್ ಸ್ಟ್ಯಾಂಡಿನಿಂದ ಹಿಟ್ಟಿನ ಗಿರಣಿಯವರೆಗೆ

ನಮ್ಮ ಊರಿನಲ್ಲಿ ಬಾಯಿಬಿಟ್ಟು ಪ್ರಶ್ನೆ ಕೇಳಿದವರ ಪಾದ, ಉತ್ತರ ಸಿಗುವತನಕ ನೆಲ ಬಿಟ್ಟು ಏಳುವುದಿಲ್ಲ. ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಬಂದು ಒಂದು ಸಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲಿ, ಆಮೇಲೆ ಮಾತಾಡೋಣ. ಕೇಳಿದವರು ಕೂರಬಹುದು, ಮಂಡಿ ಮಡಚಿ ಮಲಗಲೂಬಹುದು, ಪಾದ ಮಾತ್ರ ಕೇಳಿದ ಜಾಗದಲ್ಲೇ. ಉತ್ತರ ಸರಿಯೋ ತಪ್ಪೋ ಅದು ಮುಖ್ಯವಲ್ಲ, ಕೇಳಿದವರ ಮನಸ್ಸಿಗೆ ಅದು ಇಳಿಯಬೇಕು. ಹಾಗಾಗಿ ನಾವು ತರಕಾರಿ ಅಂಗಡಿಯಲ್ಲಿ 'ಬದನೆಕಾಯಿ ರೇಟು ಹೇಳಮ್ಮ' ಅನ್ನುತ್ತೇವೆ. ಮಗು 'ಅಮ್ಮಾ, ಅದ್ಯಾಕೆ' ಎಂದು ರಾಗ ತೆಗೆಯುತ್ತಿದ್ದಂತೆ ತಾಯಂದಿರು ಅದರ ಬಾಯಿಗೆ ಬೆಲ್ಲ ತುರುಕುತ್ತಾರೆ. ನಿನ್ನೆ ಎಲ್ಲಿಗೆ ಹೋಗಿದ್ದೆ ಎಂದು ಗಂಡನನ್ನು ಕೇಳಿದ ನಮ್ಮ ಬೀದಿಯ ಹೆಂಗಸೊಬ್ಬಳು ಅಡುಗೆಮನೆಯಲ್ಲೇ ಅಂಟಿಕೊಂಡಳು. ಅವನು ಹೇಳಿದ ಯಾವ ಸುಳ್ಳೂ ಅವಳಿಗೆ ಇಳಿಯದೆ, ಕೊನೆಗೆ ಅವನು ನಿಜ ಹೇಳಿದ. ಅವಳು ಎದ್ದವಳು ನೆಟ್ಟಗೆ ತವರಿಗೆ ನಡೆದಳು.

ನಾನು ಇಲ್ಲಿನ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಅಂದರೆ ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ಪಕ್ಕದ ಕೋಣೆಯಲ್ಲಿ ಚರಿತ್ರೆಯ ಜುಲೇಖಾ, ಅದರ ಪಕ್ಕ ಕನ್ನಡದ ಮರಿಸ್ವಾಮಿ. ಮೂವರಿಗೂ ಸೇರಿ ಒಂದೇ ಫ್ಯಾನು, ಅದೂ ಜುಲೇಖಾಳ ಕೋಣೆಯಲ್ಲಿ. ಉಳಿದ ಇಡೀ ಕಟ್ಟಡ ವಿಜ್ಞಾನ ಮತ್ತು ವಾಣಿಜ್ಯದವರದು. ಪ್ರಶ್ನೆಪತ್ರಿಕೆಯ ಪ್ರಶ್ನೆಗೆ ಈ ಕಾಟವಿಲ್ಲ, ಬಾಯಿಮಾತಿಗೆ ಮಾತ್ರ. ಆದ್ದರಿಂದ ಪಾಠಗಳು ಹೇಗೋ ನಡೆದುಕೊಂಡು ಹೋಗುತ್ತಿದ್ದವು. ಊರಿನಲ್ಲಿ ಯಾರಾದರೂ ಅಂಟಿಕೊಂಡರೆ ಮೊದಲು ಕರೆಯುವುದು ವಿಜ್ಞಾನದವರನ್ನು. ಬಾವಿ ಏಕೆ ಬತ್ತಿತು, ಹಸು ಏಕೆ ಸತ್ತಿತು ಎಂದವರನ್ನು ಅವರು ಕ್ಷಣದಲ್ಲಿ ಎಬ್ಬಿಸಿ ಕಳಿಸುತ್ತಾರೆ, ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಅವರ ಕೈಲಾಗದ ಕೇಸುಗಳು ನಮ್ಮ ಕಡೆಗೆ ಬರುತ್ತವೆ.

ನಮಗೆ ಉತ್ತರ ಕೊಡಲು ಬರುವುದಿಲ್ಲ. ಪ್ರಶ್ನೆ ಬದಲಾಯಿಸಲು ಬರುತ್ತದೆ. ಅಂಟಿಕೊಂಡವರ ಜೊತೆ ಕೂತು ಮಾತಾಡುತ್ತಾ ಮಾತಾಡುತ್ತಾ ಒಂದು ದಿನ ಆ ಪ್ರಶ್ನೆ ತಾನಾಗಿ ಕಳಚಿಕೊಳ್ಳುತ್ತದೆ. ಮುಖ ನೋಡಿದರೇ ಗೊತ್ತಾಗುತ್ತದೆ. ಇನ್ನೊಂದು ಪ್ರಶ್ನೆ ಬಾಯಿಗೆ ಬರುವ ಮುಂಚೆ ಪಾದ ಸ್ವಲ್ಪ ಹೊತ್ತು ಬಿಡುವಾಗಿರುತ್ತದಲ್ಲ, ಆಗ ಮೊಣಕೈ ಹಿಡಿದು ಮನೆಯ ದಿಕ್ಕಿಗೆ ನಡೆಸಿಕೊಂಡು ಹೋಗಬೇಕು. ಸಿಕ್ಕಷ್ಟು ದೂರ ಲಾಭ. ಬಾಯಿ ಮುಚ್ಚಿಬಿಟ್ಟರೆ ಆಯಿತಲ್ಲ ಎಂದು ಬುದ್ಧಿವಂತರು ಹೇಳುತ್ತಾರೆ. ಮುಚ್ಚಿ ನೋಡಿದ್ದೇವೆ. ಮರಿಸ್ವಾಮಿಯ ಬೆರಳಲ್ಲಿ ಇನ್ನೂ ಹಲ್ಲಿನ ಗುರುತಿದೆ.

ನಮ್ಮ ದೊಡ್ಡ ಕೇಸು ತುಂಗಕ್ಕನದು. ಸೀರೆಗೆ ಫಾಲ್ಸು ಹಾಕಿ, ರವಿಕೆಗೆ ಹುಕ್ಕು ಹೊಲಿದು ಒಬ್ಬಳೇ ಮಗಳನ್ನು ಓದಿಸಿದ ಹೆಂಗಸು. ಮಗಳು ಮಾಲಿನಿ ನರ್ಸಿಂಗ್ ಕೆಲಸದ ಸಂದರ್ಶನಕ್ಕೆಂದು ಬಸ್ಸು ಹತ್ತಿದಳು. ಆ ಬಸ್ಸು ಘಟ್ಟದ ತಿರುವಿನಲ್ಲಿ ಮಗುಚಿತು. ಬಸ್ಸಿನ ತುಂಬ ಜನ, ಸತ್ತದ್ದು ಅವಳೊಬ್ಬಳೇ. ಸುದ್ದಿ ಕೇಳಿ ಬಸ್ ಸ್ಟ್ಯಾಂಡಿಗೆ ಓಡಿಬಂದ ತುಂಗಕ್ಕ, "ಇಷ್ಟು ಜನ ಇದ್ರಲ್ಲಾ, ನನ್ನ ಮಗಳೇ ಯಾಕೆ?" ಎಂದಳು. ಅಲ್ಲೇ ನಿಂತಳು. ಡಿಪೋದವರು ಬಂದು ಟೈರು ಸಿಡಿಯಿತು ಅಂದರು. ಫಿಸಿಕ್ಸ್‌ನವರು ಬಂದು ಎಡಗಡೆ ಕಿಟಕಿ ಪಕ್ಕ ಕೂತವರಿಗೆ ಪೆಟ್ಟು ಜಾಸ್ತಿ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದರು. ಪುರೋಹಿತರು ಹೋದ ಜನ್ಮದ ಲೆಕ್ಕ ತೆಗೆದರು, ಅವರಿಗೆ ತುಂಗಕ್ಕ ಚಪ್ಪಲಿ ಎಸೆದಳು. ಎಲ್ಲರೂ ಅವರವರ ಪಾಲಿನ ಉತ್ತರ ಹೇಳಿ ಮನೆಗೆ ಹೋದರು. ಪುರಸಭೆಯವರು ತಲೆಯ ಮೇಲೊಂದು ತಗಡು, ಸುತ್ತ ಒಂದು ಪರದೆ ಹಾಕಿಕೊಟ್ಟರು. ಊರವರು ಹೊಲಿಗೆಯನ್ನು ಅಲ್ಲಿಗೇ ತಂದುಕೊಡತೊಡಗಿದರು.

ಮೊದಲು ಹೋದವಳು ಜುಲೇಖಾ. ಈ ಊರಲ್ಲಿ ಹಿಂದೆ ಕಾಲರಾ ಬಂದಿದ್ದ ವರ್ಷದ ಸಂಗತಿಯನ್ನು ಅವಳು ತುಂಗಕ್ಕನಿಗೆ ದಿನಕ್ಕೊಂದು ಮನೆಯಂತೆ ಹೇಳುತ್ತಾ ಬಂದಳು. ಇಂಥ ಬೀದಿಯ ಇಂಥ ಮನೆ, ಯಾರು ಹೋದರು, ಯಾರು ಉಳಿದರು ಎಂದು. ನಾನು ಬೈದೆ, ಅಳುವವರ ಮುಂದೆ ಸಾವಿನ ಪಟ್ಟಿ ಓದಬೇಡ ಮಾರಾಯ್ತಿ ಎಂದು. ಅವಳು ಕೇಳಲಿಲ್ಲ. ಸುಮಾರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತುಂಗಕ್ಕನ ಮುಖ ಸಡಿಲವಾಯಿತು, ಪಾದ ಎದ್ದಿತು. ಜುಲೇಖಾ ಗಡಬಡಿಸಿ ಅವಳ ಮೊಣಕೈ ಹಿಡಿದಳು. ಬಸ್ ಸ್ಟ್ಯಾಂಡಿನ ಗೇಟು ದಾಟಿ ಸೈಕಲ್ ಶಾಪಿನವರೆಗೆ ಬಂದರು. ಅಲ್ಲಿ ತುಂಗಕ್ಕ, "ಅವ್ರೆಲ್ಲ ಆಮೇಲೆ ಹೆಂಗೆ ಊಟ ಮಾಡಿದ್ರು?" ಎಂದಳು. ಮತ್ತೆ ನಿಂತಳು.

ಅದು ಮರಿಸ್ವಾಮಿಗೆ ವರ್ಗವಾಯಿತು. ಅವನ ಕಂಠ ದೇವರಿಗೇ ಪ್ರೀತಿ. ಆದರೂ ಬೀಸುವ ಕಲ್ಲಿನ ಹಾಡು, ತೊಟ್ಟಿಲ ಹಾಡು, ಹೆಣ್ಣು ಕಳಿಸುವ ಹಾಡು ಎಂದು ತನಗೆ ಬರುವುದನ್ನೆಲ್ಲ ಹಾಡಿದ. ತಡೆಯಲಾರದೆ ತುಂಗಕ್ಕ ತಾನೇ ತಿದ್ದಿ ಹಾಡತೊಡಗಿದಳು. ಕೆಲವು ವರ್ಷ ಹಾಗೆ ಹೋಯಿತು. ಒಂದು ದಿನ ಹಾಡಿನ ನಡುವೆಯೇ ಎದ್ದು ನಡೆದಳು. ಸೈಕಲ್ ಶಾಪು ದಾಟಿ, ಅಂಚೆ ಕಚೇರಿ ದಾಟಿ, ಹಿಟ್ಟಿನ ಗಿರಣಿಯ ಮುಂದಕ್ಕೆ ಬಂದಳು. ಅವಳ ಮನೆಯ ಓಣಿ ಗಿರಣಿಯ ಮಗ್ಗುಲಲ್ಲೇ. ಮರಿಸ್ವಾಮಿ ಕಣ್ಣೀರು ಒರೆಸಿಕೊಳ್ಳುತ್ತಾ ಇನ್ನೇನು ಬಂತು ಅಕ್ಕಾ, ಬಂತು ಅನ್ನುತ್ತಿದ್ದಂತೆ ಅವಳು ನಿಂತು, "ಮಗಳೇ ಇಲ್ಲ ಅಂದ್ಮೇಲೆ ನಾನು ಇನ್ನೂ ತಾಯೀನಾ?" ಎಂದಳು. ಮರಿಸ್ವಾಮಿ ಕಾಲೇಜಿಗೆ ಬಂದು, "ಇದು ನಿಮ್ಮ ವಿಭಾಗಕ್ಕೆ ಸೇರಿದ್ದು ಮೇಡಂ," ಎಂದ. ಅವತ್ತಿನಿಂದ ನಾನು ದಿನಾ ಸಂಜೆ ಗಿರಣಿಗೆ ಹೋಗತೊಡಗಿದೆ. ನನಗೆ ಗೊತ್ತಿದ್ದ ತತ್ತ್ವಶಾಸ್ತ್ರವೆಲ್ಲ ಒಂದು ವಾರದಲ್ಲಿ ಖಾಲಿಯಾಯಿತು. ಆಮೇಲೆ ನಾನು ಸುಮ್ಮನೆ ದಾರ ಪೋಣಿಸಿಕೊಡುತ್ತಾ ಕೂತಿರುತ್ತಿದ್ದೆ. ಇಬ್ಬರ ತಲೆಯೂ ರಾಗಿಹಿಟ್ಟಿನಿಂದ ಬೆಳ್ಳಗಾಗುತ್ತಿತ್ತು.

ಹೀಗಿರುವಾಗ ಪರಿಶೀಲನೆಗೆಂದು ಜಯಸಿಂಹ ಎಂಬ ಅಧಿಕಾರಿ ಬಂದರು. ನಮ್ಮ ಮೂರು ವಿಭಾಗಗಳನ್ನು ಇಟ್ಟುಕೊಳ್ಳಬೇಕೋ ಮುಚ್ಚಬೇಕೋ ಎಂದು ನೋಡಿ ವರದಿ ಕೊಡುವುದು ಅವರ ಕೆಲಸ. ಹೊರಗಿನವರು, ಆದರೆ ಬರುವ ಮುಂಚೆ ಊರಿನ ರೀತಿ ತಿಳಿದುಕೊಂಡಿದ್ದರು. ಬೆಳಗಿನಿಂದ ಒಂದು ಪ್ರಶ್ನೆಯೂ ಅವರ ಬಾಯಿಂದ ಹೊರಡಲಿಲ್ಲ. ಎಲ್ಲವೂ ವಿವರಿಸಿ, ತಿಳಿಸಿ, ಸ್ಪಷ್ಟಪಡಿಸಿ. ನಮ್ಮ ಪ್ರಿನ್ಸಿಪಾಲ್ ಗುರುಪಾದಯ್ಯನವರು, ಒಳ್ಳೆಯ ಮನುಷ್ಯ, ಪುಕ್ಕಲು, ಅವರ ಹಿಂದೆ ಟವೆಲ್ಲು ಹಿಡಿದುಕೊಂಡು ಓಡಾಡುತ್ತಿದ್ದರು.

"ಕಳೆದ ವರ್ಷದ ಸಾಧನೆ ವಿವರಿಸಿ," ಎಂದರು ಜಯಸಿಂಹ.

"ತುಂಗಕ್ಕ ಹಿಟ್ಟಿನ ಗಿರಣಿ ಮುಂದೆ ಇದ್ದಾರೆ ಸರ್," ಎಂದಳು ಜುಲೇಖಾ.

"ಅದಕ್ಕೂ ಹಿಂದಿನ ವರ್ಷದ್ದು ತಿಳಿಸಿ."

"ಆಗ್ಲೂ ಹಿಟ್ಟಿನ ಗಿರಣಿ ಮುಂದೇನೇ ಸರ್. ಅದಕ್ಕೂ ಮುಂಚೆ ಸೈಕಲ್ ಶಾಪು."

ಜಯಸಿಂಹರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪಾಪ, ಅವರ ಸ್ಥಿತಿಯೂ ನನಗೆ ಅರ್ಥವಾಗುತ್ತದೆ. ಆಮೇಲೆ, ಆ ತುಂಗಕ್ಕ ಎಂಬುವರನ್ನು ತೋರಿಸಿ ಎಂದರು. ಎಲ್ಲರೂ ಹೊರಟೆವು. ನಾವು ಮೂವರು, ಪ್ರಿನ್ಸಿಪಾಲರು, ವಾಣಿಜ್ಯದ ಮುಖ್ಯಸ್ಥರು. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ಗಿರಣಿಯವರೆಗೆ ನಡೆಸಿಕೊಂಡು ಹೋಗಿ ಒಂದೊಂದು ಜಾಗವನ್ನೂ ತೋರಿಸಿದೆವು. ಗಿರಣಿಯ ಹತ್ತಿರ ಬಂದವರೇ ಅವರು ಹಿಂದಕ್ಕೆ ತಿರುಗಿ ನೋಡಿದರು. ನಿಂತಲ್ಲಿಂದಲೇ ಬಸ್ ಸ್ಟ್ಯಾಂಡಿನ ಗಡಿಯಾರ ಕಾಣುತ್ತದೆ, ಅಷ್ಟು ಹತ್ತಿರ. ಅವರಿಗೆ ರೇಗಿಹೋಯಿತು. ಬೆಳಗಿನಿಂದ ತಡೆದುಕೊಂಡದ್ದೆಲ್ಲ ಒಟ್ಟಿಗೆ ಬಂದುಬಿಟ್ಟಿತು. "ಇಷ್ಟು ವರ್ಷ ಮೂರು ಮೂರು ವಿಭಾಗ ಇಟ್ಟುಕೊಂಡು, ಈ ಹೆಂಗಸಿಗೆ ನಿಮ್ಮಿಂದ ಏನ್ರೀ ಉಪಯೋಗ ಆಯ್ತು?" ಎಂದರು. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡರು. ಪಾದ ಎಳೆದು ನೋಡಿದರು. ಇಲ್ಲ.

ಗುರುಪಾದಯ್ಯನವರು ಧಾವಿಸಿ ಬಂದರು. "ಏನೂ ಆಗಿಲ್ಲ ಸಾರ್. ಒಂದು ಪೈಸೆ ಉಪಯೋಗ ಆಗಿಲ್ಲ. ಹಂಗೇ ಬರ್ಕೊಳಿ ಸಾರ್, ಕಾಲೆತ್ತಿ," ಎಂದರು. ಜಯಸಿಂಹರು ಬಹಳ ಆಸೆಯಿಂದ ಕಾಲೆತ್ತಿದರು. ಬರಲಿಲ್ಲ. ಪ್ರಿನ್ಸಿಪಾಲರ ಮುಖ ಇಷ್ಟಾಯಿತು. ನಿಜ ಹೇಳುತ್ತೇನೆ, ನನ್ನ ಹೊಟ್ಟೆಯೊಳಗೆ ತಣ್ಣಗೆ ಹಾಲು ಹೊಯ್ದ ಹಾಗಾಯಿತು. ವಾಣಿಜ್ಯದವರು ಮುಂದೆ ಬಂದು ತಲಾ ವೆಚ್ಚ, ತಲಾ ಆದಾಯ ಎಂದು ಏನೋ ಹೇಳಿದರು. ಬರಲಿಲ್ಲ. ಮರಿಸ್ವಾಮಿ ಗಂಟಲು ಸರಿಮಾಡಿಕೊಂಡು, ಸಾಹಿತ್ಯವು ಮನುಷ್ಯನ ಹೃದಯವನ್ನು ಅರಳಿಸುತ್ತದೆ ಎಂದು ಶುರುಮಾಡಿದ. "ದಯವಿಟ್ಟು ನಿಲ್ಲಿಸಿ, ಇನ್ನೂ ಬಿಗಿಯಾಗ್ತಿದೆ," ಎಂದರು ಜಯಸಿಂಹ. ಜುಲೇಖಾ ಚರಿತ್ರೆಯಿಂದ ಪಾಠ ಕಲಿಯಬೇಕು ಎಂದಳು. ನಾನು ವಿವೇಚನಾಶಕ್ತಿ, ಪ್ರಜಾಪ್ರಭುತ್ವ, ಸ್ವತಂತ್ರ ಚಿಂತನೆ ಎಂದೆ. "ಇದನ್ನ ನಾನೇ ನಾಲ್ಕು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹೇಳಿದ್ದೀನಿ ಮೇಡಂ," ಎಂದು ಅವರು ಬೆವರು ಒರೆಸಿಕೊಂಡರು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಸಂಬಳ ತೆಗೆದುಕೊಂಡು ನನ್ನ ಬಳಿ ಇದ್ದದ್ದು ಅಷ್ಟೇ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ನಾನು ಗಿರಣಿಯ ಜಗಲಿಯ ಮೇಲೆ ಕೂತೆ. ತುಂಗಕ್ಕ ಹಿಟ್ಟಿನ ಧೂಳಿನಲ್ಲಿ ನಿಂತ ಅಧಿಕಾರಿಯನ್ನು ಸ್ವಲ್ಪ ಹೊತ್ತು ನೋಡಿದಳು. "ಸುಮ್ನೆ ನಿಂತಿರೋ ಬದ್ಲು ಈ ಅಂಚು ಹಿಡ್ಕೊಳಿ ಸಾರ್. ನಾಳೆ ಮದುವೆ ಸೀರೆ ಇದು, ಫಾಲ್ಸು ಹಾಕಿ ಕೊಡ್ಬೇಕು. ಬಿಗಿಯಾಗಿ ಎಳೀಬೇಡಿ, ಸುಕ್ಕು ಬರುತ್ತೆ," ಎಂದಳು. ಅವರು ಹಿಡಿದುಕೊಂಡರು. ಒಂದು ಸೀರೆ ಮುಗಿಯಿತು, ಇನ್ನೊಂದು ಬಂತು. ಅವಳು ತನ್ನ ಡಬ್ಬಿಯಿಂದ ಅರ್ಧ ಮುದ್ದೆ ಮುರಿದುಕೊಟ್ಟಳು. ತಿಂದರು. ಅವಳು ಮಾಲಿನಿಯ ಸುದ್ದಿ ಹೇಳಿದಳು. ಕೂದಲು ಬಾಚಲು ಕೂತರೆ ಆ ಹುಡುಗಿ ಮಾಡುತ್ತಿದ್ದ ರಂಪ, ಹುಣಿಸೆಹಣ್ಣು ಕದ್ದು ತಿಂದು ಹಲ್ಲು ಜುಮ್ಮೆಂದು ಅತ್ತದ್ದು. ಅವರು ತಮಗೂ ಒಬ್ಬ ಅಣ್ಣ ಇದ್ದ ಎಂದರು. ಅಷ್ಟಕ್ಕೆ ನಿಲ್ಲಿಸಿ ಅಂಚನ್ನು ಸರಿಮಾಡಿ ಹಿಡಿದರು. ತುಂಗಕ್ಕ ಕೇಳುವಂತಿಲ್ಲ, ನಾನೂ ಕೇಳುವಂತಿಲ್ಲ, ಗಿರಣಿ ಮಾತ್ರ ಓಡುತ್ತಿತ್ತು.

ಸಂಜೆ ಎಲ್ಲರೂ ಉತ್ತರ ಹುಡುಕಲು ಪುಸ್ತಕ ಹೊತ್ತುಕೊಂಡು ಮರಳಿ ಬರುವ ಹೊತ್ತಿಗೆ ತುಂಗಕ್ಕ ದಾರ ಕಚ್ಚಿ ಕತ್ತರಿಸಿ, ತಲೆ ಎತ್ತದೆ ಹೇಳಿದಳು. "ಉತ್ತರ ಇದ್ದೋರೆಲ್ಲ ಒಂದ್ಸಲ ಬಂದ್ರು ಸಾರ್. ಹೇಳಿದ್ರು, ಹೋದ್ರು. ಇವರ ಹತ್ರ ಉತ್ತರ ಇರ್ಲಿಲ್ಲ. ಅದಕ್ಕೆ ದಿನಾ ಬರ್ಬೇಕಾಯ್ತು."

ಜಯಸಿಂಹರು ಸೀರೆಯ ಅಂಚು ಹಿಡಿದೇ ನಿಂತಿದ್ದರು. ಬಲಗಾಲು ಎದ್ದಿತು, ಆಮೇಲೆ ಎಡಗಾಲು. ಅವರು ಸೀರೆಯನ್ನು ಮಡಿಸಿ ತುಂಗಕ್ಕನ ಕೈಗೆ ಕೊಟ್ಟು, ನಮಸ್ಕಾರ ಮಾಡಿ, ಹಿಟ್ಟು ಕೊಡವಿಕೊಳ್ಳದೆ ಜೀಪಿನ ಕಡೆ ನಡೆದರು. ಮರಿಸ್ವಾಮಿ ಗಿರಣಿಯವನ ಕೈ ಕುಲುಕಿದ. ಗುರುಪಾದಯ್ಯನವರು ಅವತ್ತು ಸಂಜೆಯೇ ನಮ್ಮ ಕೋಣೆಗಳಿಗೆ ಇನ್ನೆರಡು ಫ್ಯಾನು ಕೊಡಿಸುವ ಮಾತಾಡಿದರು.

ಆದರೂ ವಿಭಾಗಗಳು ಮುಚ್ಚಿದವು. ಜಯಸಿಂಹರು ಅದನ್ನು ತಿಳಿಸಲೆಂದೇ ಇನ್ನೊಮ್ಮೆ ಬಂದಿದ್ದರು. ನನ್ನ ಎದುರು ತಲೆ ತಗ್ಗಿಸಿ ಕೂತು, "ನಾನು ಬರೆದೆ ಮೇಡಂ. ಚೆನ್ನಾಗೇ ಬರೆದೆ. ಆದ್ರೆ ನನಗೆ ಇಳಿದದ್ದು ಮೇಲಿನವರಿಗೆ ಇಳೀಲಿಲ್ಲ. ಅವರ ಊರಲ್ಲಿ ಪ್ರಶ್ನೆ ಕೇಳಿದವರು ಎದ್ದು ಹೋಗಬಹುದು," ಎಂದರು. ನಾನು ಅವರಿಗೆ ಕಾಫಿ ಕೊಟ್ಟೆ, ಬೈಯುವ ಮನಸ್ಸಾಗಲಿಲ್ಲ. ನಮ್ಮ ಮೂರು ಕೋಣೆಗಳ ಗೋಡೆ ಒಡೆದು ಒಂದು ಮಾಡಿದರು. ಅಲ್ಲೀಗ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ನಡೆಯುತ್ತದೆ. ಒಂದೊಂದು ಪ್ರಶ್ನೆಯ ಜೊತೆಗೇ ನಾಲ್ಕು ಉತ್ತರ ಕೊಟ್ಟಿರುವುದರಿಂದ ಯಾರೂ ಅಂಟಿಕೊಳ್ಳುವುದಿಲ್ಲ. ಜುಲೇಖಾಳನ್ನು ಸಮುದ್ರದ ಕಡೆಯ ಊರಿಗೆ ಹಾಕಿದರು, ಮರಿಸ್ವಾಮಿಯನ್ನು ಯಾವುದೋ ಕಚೇರಿಯ ಟಿಪ್ಪಣಿ ತಿದ್ದುವುದಕ್ಕೆ. ಇಬ್ಬರಿಗೂ ಮಕ್ಕಳ ಓದು, ಸಾಲ. ಹೋದರು. ನನ್ನನ್ನು ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಕಾಲೇಜಿಗೆ, ಸಂವಹನ ಕೌಶಲ ಕಲಿಸಲು ವರ್ಗ ಮಾಡಿದರು.

ಹೊರಡುವ ದಿನ ಟ್ರಂಕನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಗಿರಣಿಗೆ ಬಂದೆ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು, ಸಿಕ್ಕಿದವರ ಮೇಲೆ ಹರಿಯುತ್ತದೆ. "ನೋಡಿ ತುಂಗಕ್ಕ, ನಾಳೆಯಿಂದ ನಾನು ಬರಲ್ಲ. ನನ್ನ ಕೈಲಿ ನಿಮ್ಮನ್ನ ಈ ಓಣಿಗೆ ಸೇರಿಸೋಕೆ ಆಗ್ಲಿಲ್ಲ. ಮರಿಸ್ವಾಮಿ ಇಷ್ಟು ದೂರ ತಂದ, ನಾನು ಒಂದು ಹೆಜ್ಜೆ ತರಲಿಲ್ಲ. ತಪ್ಪಾಯ್ತು," ಎಂದು ಬೈದ ಹಾಗೇ ಹೇಳಿದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನ ಮುಖ ನೋಡಿದಳು. ಅವಳ ಕಣ್ಣು ನೋಡುವ ಧೈರ್ಯವಾಗದೆ ನಾನು ತಿರುಗಿ ಬಿರಬಿರನೆ ನಡೆದೆ.

ಅವಳ ಓಣಿಯ ಬಾಯಿಯ ಹತ್ತಿರ ಬರುವಾಗ ಹಿಂದೆ ಚಪ್ಪಲಿಯ ಸದ್ದು ಕೇಳಿತು. ಗಿರಣಿಯವನು ಯಂತ್ರ ನಿಲ್ಲಿಸಿದ. ತಿರುಗಿದರೆ ತುಂಗಕ್ಕ, ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿ ಬರುತ್ತಿದ್ದಾಳೆ. ನನ್ನ ಕೈಗೆಟಕುವಷ್ಟು ಹತ್ತಿರ ಬಂದು ಏದುಸಿರು ಬಿಡುತ್ತಾ, "ನೀವು ಹೋದ್ಮೇಲೆ ನನ್ಹತ್ರ ಯಾರು ಬರ್ತಾರೆ ಮೇಡಮ್ಮ?" ಎಂದಳು. ಓಣಿಯ ಬಾಯಲ್ಲೇ ನಿಂತುಬಿಟ್ಟಳು.

ಇಷ್ಟು ವರ್ಷಗಳಲ್ಲಿ ಅವಳು ಕೇಳಿದ ಪ್ರಶ್ನೆಗಳಲ್ಲಿ ಉತ್ತರ ಇರುವ ಪ್ರಶ್ನೆ ಇದೊಂದೇ. ಅದೂ ಊರಿನಲ್ಲಿ ಒಬ್ಬಳ ಹತ್ತಿರ ಮಾತ್ರ ಇತ್ತು. ಬಸ್ಸು ಹಾರ್ನ್ ಹೊಡೆಯಿತು, ಕಂಡಕ್ಟರು ನನ್ನ ಟ್ರಂಕಿನ ಪಕ್ಕ ನಿಂತು ಕೈ ಆಡಿಸುತ್ತಿದ್ದ. ನನಗೆ ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಬಾಡಿಗೆ ಮನೆ, ಹಿಂದೆ ಮುಂದೆ ಯಾರಿಲ್ಲ. ಸುಮ್ಮನೆ ಸಮಾಧಾನಕ್ಕೆ ಹೇಳಿದರೆ ಅವಳಿಗೆ ಇಳಿಯುವುದಿಲ್ಲ. ಸುಳ್ಳು ಉತ್ತರಗಳನ್ನು ಕೇಳಿ ಕೇಳಿ ಪಳಗಿದ ಹೆಂಗಸು ಅದು.

"ನಾನು ಬರ್ತೀನಿ," ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಪಾದ ಅಲುಗಲಿಲ್ಲ. ನಾನು ಕಂಡಕ್ಟರಿಗೆ ಕೈ ಬೀಸಿ, "ಟ್ರಂಕು ಬೇಡಪ್ಪಾ, ಬಿಡು, ಹೋಗು!" ಎಂದು ಕೂಗಿದೆ. ಬಸ್ಸು ಹೊರಟಿತು. "ನಾನೇ ಬರ್ತೀನಿ ತುಂಗಕ್ಕ, ದಿನಾ ಬರ್ತೀನಿ. ಈಗ ಸಾಕು, ಕಾಲು ಎತ್ತಿ," ಎಂದೆ.

ಎತ್ತಿದಳು. ನಾನು ಅಭ್ಯಾಸಬಲದಿಂದ ಮೊಣಕೈ ಹಿಡಿದು ದರದರನೆ ಓಣಿಯೊಳಗೆ ಎಳೆದುಕೊಂಡು ಹೋದೆ, ಮುಂದಿನ ಪ್ರಶ್ನೆ ಬಾಯಿಗೆ ಬರುವಷ್ಟರಲ್ಲಿ ಸಿಕ್ಕಷ್ಟು ಸಿಗಲಿ ಎಂದು. "ನಿಧಾನ ಮೇಡಮ್ಮ, ಬೀಳ್ತೀನಿ," ಎಂದಳು. ಮನೆ ಬಂತು. ಪಕ್ಕದವರು ಬೀಗದ ಕೈ ತಂದುಕೊಟ್ಟರು. ಬಾಗಿಲು ತೆಗೆದು ತುಂಗಕ್ಕ ಹೊಸ್ತಿಲಲ್ಲಿ ನಿಂತಾಗ ನಾನು ಉಸಿರು ಬಿಗಿ ಹಿಡಿದೆ. ಅವಳು ಹಿಂದಕ್ಕೆ ತಿರುಗಿ, "ಬನ್ನಿ ಒಳಗೆ. ಕಸ ಇದೆ, ಬೈಕೋಬೇಡಿ," ಎಂದಳು.

ಈಗ ನಾನು ಮನೆಯಲ್ಲೇ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತೇನೆ, ಸಂಜೆಯಾದರೆ ತುಂಗಕ್ಕನ ಮನೆಗೆ ಹೋಗುತ್ತೇನೆ. ಮಳೆಯಿರಲಿ, ಹಬ್ಬವಿರಲಿ, ತಪ್ಪಿಸಿಲ್ಲ. ತಪ್ಪಿಸಲು ಭಯ. ನಾನು ಹೋಗದಿದ್ದರೆ ನನ್ನ ಉತ್ತರ ಸುಳ್ಳಾಗುತ್ತದೆ, ಆ ಪ್ರಶ್ನೆ ಮತ್ತೆ ಅವಳನ್ನು ಹಿಡಿಯುತ್ತದೆ ಎಂದು ನನ್ನ ಲೆಕ್ಕ. ಇದನ್ನು ಅವಳಿಗೆ ಹೇಳಿಲ್ಲ. ಅವಳು ಕಾಫಿ ಕೊಡುತ್ತಾಳೆ, ಸಕ್ಕರೆ ಜಾಸ್ತಿ ಹಾಕುತ್ತಾಳೆ, ಕುಡಿಯುತ್ತೇನೆ.

ಹೋದ ತಿಂಗಳು ನನಗೆ ಕೆಟ್ಟ ಜ್ವರ ಬಂತು. ಏಳಲು ನೋಡಿದರೆ ತಲೆ ಗಿರ್ ಎಂದು ಮತ್ತೆ ಹಾಸಿಗೆಗೆ ಬಿದ್ದೆ. ಪಾಠಕ್ಕೆ ಬಂದ ಮಕ್ಕಳೂ ಹೊರಟುಹೋಗಿದ್ದರು, ಸುದ್ದಿ ಕಳಿಸಲು ಯಾರಿಲ್ಲ. ಹೊರಗೆ ಬೆಳಕು ಕಡಿಮೆಯಾಗುತ್ತಾ ಬಂದಂತೆ ನನಗೆ ಸಂಕಟ ಹೆಚ್ಚಿತು. ಅಲ್ಲಿ ಆಕೆ ಬಚ್ಚಲಲ್ಲೋ ಒಲೆಯ ಮುಂದೋ ಅಂಟಿಕೊಂಡು ನಿಂತಿರುತ್ತಾಳೆ, ಪಾಪಿ ನಾನು, ಹತ್ತಿರ ಹತ್ತಿರ ಬಂದವಳನ್ನು ಮನೆಯೊಳಗೇ ಸೆರೆ ಹಾಕಿದೆ ಎಂದು ಮಲಗಿದಲ್ಲೇ ಅತ್ತೆ.

ಬಾಗಿಲು ಕಿರ್ ಎಂದಿತು. ತುಂಗಕ್ಕ. ಊರಿನ ಆ ತುದಿಯಿಂದ ಈ ತುದಿಗೆ ಒಬ್ಬಳೇ ನಡೆದು ಬಂದಿದ್ದಳು. ಇಷ್ಟು ನಡೆದು ಅಭ್ಯಾಸ ತಪ್ಪಿದ ಹಿಮ್ಮಡಿಯನ್ನು ಚಪ್ಪಲಿ ಕಚ್ಚಿ ಕೆಂಪಗೆ ಮಾಡಿತ್ತು. ಕೈಯಲ್ಲಿ ಗಂಜಿಯ ಡಬ್ಬಿ.

"ನೀವು ಬರ್ಲಿಲ್ಲ," ಎಂದಳು. "ಅದಕ್ಕೆ ನಾನೇ ಬಂದೆ."

ಏನಾಯಿತು ಎಂದು ನನ್ನನ್ನು ಕೇಳಲಿಲ್ಲ. ಹಣೆ ಮುಟ್ಟಿ ನೋಡಿದಳು, ಚಾಪೆ ಎಳೆದುಕೊಂಡು ನನ್ನ ಪಕ್ಕ ಕೂತಳು.